ಬೇಡದ ಯೋಚನೆಗೆ ಬರೆದ ಚಾರ್ಟು

ಮನಸ್ಸನ್ನು ಹತೋಟಿಯಲ್ಲಿಟ್ಟುಕೊಳ್ಳಿ ಎಂದು ಯಾರಾದರೂ ಹೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಮೊನ್ನೆ ಬೀಜಾಡಿಯಲ್ಲಿ ಒಂದು ಗೃಹಪ್ರವೇಶದ ಊಟ. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರು ಅನ್ನದ ನಡುವೆ ಗುಂಡಿ ಮಾಡಿ ಸಾರು ಹಾಕಿಸಿಕೊಳ್ಳುತ್ತ, "ಕೆಟ್ಟ ಯೋಚ್ನೆ ಬಂದ್ ಕೂಡ್ಲೆ ಒದ್ದ್ ಹೊರಗ್ ಹಾಕ್ಕ್, ಅಷ್ಟೇ" ಎಂದರು. ಎಲೆ ಬಿಟ್ಟು ಎದ್ದು ಹೋಗಬೇಕೆನಿಸಿತು. ಪಂಕ್ತಿಯ ಮಧ್ಯೆ ಏಳಬಾರದೆಂದು ಕಲಿತವಳಾದ್ದರಿಂದ ಕುಳಿತೆ. ಒದ್ದು ಹೊರಗೆ ಹಾಕುವ ಕೆಲಸವನ್ನು ನಾನು ಒಂದು ತಿಂಗಳಿಡೀ ಮಾಡಿದ್ದೇನೆ. ಅವರಿಗಿಂತ ಅಚ್ಚುಕಟ್ಟಾಗಿ ಮಾಡಿದ್ದೇನೆ. ಅದರಿಂದ ನನ್ನ ಮನೆಯಲ್ಲಿ ಏನಾಯಿತೆಂದು ಬರೆದಿಡುತ್ತೇನೆ.

ಮೂವತ್ತಾರು ವರ್ಷ ನಾನು ದಾದಿಯಾಗಿದ್ದವಳು. ಅದರಲ್ಲಿ ಹೆಚ್ಚಿನ ಪಾಲು ಹೆರಿಗೆ ವಾರ್ಡಿನಲ್ಲಿ. ನಮ್ಮದು ಸಾಲಿಗ್ರಾಮದ ಕಡೆಯ, ದೇವಸ್ಥಾನದ ಚಾಕರಿಯ ಮನೆತನ. ಅಂಥ ಮನೆಯ ಹುಡುಗಿ ಕಂಡವರ ಮಲಮೂತ್ರ ಬಳಿಯುವ ಕೆಲಸಕ್ಕೆ ಹೊರಟಾಗ ಊರು ಮಾತಾಡಿತು. ಮಾತಾಡಲಿ ಎಂದು ಹೊರಟೆ. ತರಬೇತಿಯಲ್ಲಿ ನಮಗೆ ಕಲಿಸಿದ್ದು ಎಲ್ಲಕ್ಕೂ ಒಂದು ಹೊತ್ತು, ಎಲ್ಲಕ್ಕೂ ಒಂದು ಜಾಗ, ಎಲ್ಲಕ್ಕೂ ಒಂದು ಬರಹ. ಜ್ವರ ಬಂತೇ, ನಾಲ್ಕು ಗಂಟೆಗೊಮ್ಮೆ ನೋಡು, ಬರೆ. ಬರೆಯದೆ ಇದ್ದದ್ದು ನಡೆದೇ ಇಲ್ಲ. ನಿವೃತ್ತಿಯಾಗಿ ಹತ್ತು ವರ್ಷವಾದರೂ ನಾನು ಐದು ಗಂಟೆಗೆ ಏಳುತ್ತೇನೆ, ಹಾಸಿಗೆಯ ಮೂಲೆ ಮಡಚದೆ ಕಾಫಿ ಮುಟ್ಟುವುದಿಲ್ಲ. ಯಜಮಾನರು ಇದ್ದಾಗ, "ನೀ ನನ್ನನ್ನೂ ಒಂದಿನ ಮಡ್ಚಿ ಇಡ್ತೆ" ಎನ್ನುತ್ತಿದ್ದರು. ಅವರು ಹೋಗಿ ಆರು ವರ್ಷ.

ನಮಗೆ ಒಬ್ಬಳೇ ಮಗಳು. ಅವಳು ಮದುವೆಯಾದದ್ದು ಶಿರೂರಿನ ಕಡಲ ಕೆಲಸದವರ ಮನೆಯ ಹುಡುಗನನ್ನು. ಅಳಿಯ ಸರಕು ಹಡಗಿನಲ್ಲಿ ಇಂಜಿನಿಯರ್, ವರ್ಷದಲ್ಲಿ ಏಳೆಂಟು ತಿಂಗಳು ನೀರಿನ ಮೇಲೆ. ಆ ಮದುವೆಗೆ ನನ್ನ ಕಡೆಯವರು ಬಂದದ್ದು ಬೆರಳೆಣಿಕೆಯಷ್ಟು ಮಂದಿ. ನನ್ನ ಅಕ್ಕ ಬರಲಿಲ್ಲ. ನಾನು ಮುಂದೆ ನಿಂತು ಮಾಡಿಸಿದೆ. ಅಳಿಯನ ತಾಯಿ ಮೊದಲ ದಿನ ನನ್ನನ್ನು "ಅಮ್ಮಾ" ಎಂದು ಕರೆದರು, ನಮ್ಮ ಮನೆಯ ಅಂಗಳದಲ್ಲಿ ನಿಂತು ಕೂಲಿಗೆ ಬಂದ ಮೀನಿನವರು ಹಿಂದೆ ಕರೆಯುತ್ತಿದ್ದ ಹಾಗೆ. "ಹಾಂಗೆಲ್ಲ ಕರೂಕಾಗ, ಅತ್ಗೆ ಅನ್ನಿ" ಎಂದೆ. ಅಂದಿನಿಂದ ಅತ್ತಿಗೆ ಎಂದೇ ಕರೆದರು. ಇದರ ಬಗ್ಗೆ ನನಗೆ ಒಳಗೊಳಗೇ ಒಂದು ಹೆಮ್ಮೆಯೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮಗಳು ಹೆರಿಗೆಗೆ ಕುಂದಾಪುರಕ್ಕೆ, ನನ್ನ ಮನೆಗೆ ಬಂದಳು. ಹೆಣ್ಣು ಮಗು. ಬಚ್ಚಲಲ್ಲಿ ಗೀಸರ್ ಇದ್ದರೂ ಬಾಳಂತಿಗೆ ಹಂಡೆಯ ನೀರೇ ಆಗಬೇಕೆಂದು ನಾನು ಹಿಂದಿನ ಒಲೆಯ ಬೂದಿ ತೆಗೆಸಿ ಮತ್ತೆ ಉರಿ ಹಾಕಿದೆ. ಮಗುವನ್ನು ಮೀಯಿಸುವ ಕೆಲಸ ನನ್ನದು. ಕಾಲು ನೀಡಿ ಮಣೆಯ ಮೇಲೆ ಕುಳಿತು, ಮೊಣಕಾಲ ಮೇಲೆ ಮಗುವನ್ನು ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಬಲಗಡೆ ಹಂಡೆಯ ಕುದಿನೀರು, ಎಡಗಡೆ ತಣ್ಣೀರ ಬಾಲ್ದಿ, ನಡುವೆ ಬೆರೆಸುವ ಪಾತ್ರೆ. ಮೊಣಕೈ ಅದ್ದಿ ನೋಡಿ, ಆಮೇಲೆ ಸುರಿಯುವುದು. ಸಾವಿರ ಮಕ್ಕಳನ್ನು ಹೀಗೆ ತೊಳೆದ ಕೈ ಇದು.

ಹದಿನೇಳನೆಯ ದಿನ, ಹಂಡೆಯಿಂದ ತಂಬಿಗೆ ತುಂಬಿ ಎತ್ತಿದ್ದೆ. ಆಗ ಅದು ಬಂತು. ಬೆರೆಸಬೇಡ, ಹಾಗೆಯೇ ಸುರಿದುಬಿಡು.

ಧ್ವನಿಯಲ್ಲ. ಯಾರೂ ಹೇಳಲಿಲ್ಲ. ನನ್ನದೇ ಯೋಚನೆ, ನನ್ನದೇ ಮಾತಿನಲ್ಲಿ. ಅದರ ಹಿಂದೆಯೇ ಚಿತ್ರ: ಮಗುವಿನ ಬೆನ್ನು, ಮೇಲೆ ಏಳುವ ಹಬೆ. ನಾನು ತಂಬಿಗೆಯನ್ನು ಬಚ್ಚಲ ಮೂಲೆಗೆ ಚೆಲ್ಲಿದೆ. ಮಗುವನ್ನು ಬರೀ ತಣ್ಣೀರಲ್ಲಿ ತೊಳೆದುಬಿಟ್ಟೆ. ಅದು ಅತ್ತ ಅಳು ಬೀದಿಗೆ ಕೇಳಿರಬೇಕು. "ಎಂತ ಆಯ್ತಮ್ಮಾ?" ಎಂದು ಮಗಳು ಒಳಗಿನಿಂದ ಕೂಗಿದಳು. "ಎಂತ ಇಲ್ಲೆ. ಸೋಪು ಕಣ್ಣಿಗೆ ಹೋಯ್ತ್" ಎಂದೆ. ಮೂವತ್ತಾರು ವರ್ಷದಲ್ಲಿ ನಾನು ಸೋಪನ್ನು ಯಾವ ಮಗುವಿನ ಕಣ್ಣಿಗೂ ಹಾಕಿದವಳಲ್ಲ.

ಮರುದಿನ ಮತ್ತೆ ಬಂತು. ಹಂಡೆಯ ಮುಚ್ಚಳ ತೆಗೆಯುವ ಮೊದಲೇ ಕಾದು ಕುಳಿತಿತ್ತು. ಬೇಡ ಎಂದೆ, ಜೋರಾಗಿಯೇ ಎಂದೆ. ಹಲ್ಲು ಕಚ್ಚಿದೆ. ದೇವರ ನಾಮ ಹೇಳಿದೆ. ನಾಮದ ಒಂದು ಅಕ್ಷರ ತಪ್ಪಿದರೆ ಮೊದಲಿಂದ ಹೇಳಬೇಕೆಂದು ನನಗೆ ನಾನೇ ಕಾಯಿದೆ ಮಾಡಿಕೊಂಡೆ. ಅದರಿಂದಾಗಿ ಕಾಲು ಗಂಟೆಯ ಸ್ನಾನ ಮುಕ್ಕಾಲು ಗಂಟೆಯಾಯಿತು, ಮಗುವಿಗೆ ಶೀತವಾಯಿತು. ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು, ಯೋಚನೆ ಬಂದಾಗಲೆಲ್ಲ ಎಳೆದು ಬಿಟ್ಟೆ. ಮಣಿಕಟ್ಟು ಕೆಂಪಾಯಿತೇ ಹೊರತು ಇನ್ನೇನೂ ಆಗಲಿಲ್ಲ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬಾರದು ಎಂದು ಹೇಳಿದ ವೈದ್ಯನ ಕತೆಯನ್ನು ನಾವು ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೇವೆ. ನಗುವ ಕತೆಯಲ್ಲ ಅದು. ಮದ್ದಿನ ಬಟ್ಟಲು ಕೈಯಲ್ಲಿ ಹಿಡಿದವನಿಗೆ ಏನಾಯಿತೆಂದು ಆ ಕತೆ ಹೇಳಿದವರು ಯಾರೂ ವಿಚಾರಿಸಲಿಲ್ಲ.

ಯೋಚನೆ ಶುರುವಾದ ಐದನೆಯ ದಿನ ಮಗಳ ಹತ್ತಿರ ಸೊಂಟ ನೋವು ಎಂದು ಸುಳ್ಳು ಹೇಳಿದೆ. ಅಕ್ಕನಿಗೆ ಫೋನ್ ಮಾಡಿ, ಬಾಳಂತಿಯನ್ನೂ ಮಗುವನ್ನೂ ಮೀಯಿಸುವ ಒಬ್ಬ ಹೆಂಗಸನ್ನು ಗೊತ್ತು ಮಾಡಿಸಿದೆ. ಅವಳು ಸಾಲಿಗ್ರಾಮದಿಂದ ಬೆಳಗಿನ ಬಸ್ಸಿಗೆ ಬಂದು ಹೋಗತೊಡಗಿದಳು. ಇನ್ನು ನೆಮ್ಮದಿ ಎಂದುಕೊಂಡೆ. ಎಲ್ಲಿಯ ನೆಮ್ಮದಿ! ನೀರಿನಿಂದ ತಪ್ಪಿಸಿಕೊಂಡದ್ದೇ ತಡ, ಯೋಚನೆ ಅಡುಗೆಮನೆಗೆ ಬಂತು. ಹಾಲಿನ ಪಾತ್ರೆ ಇಳಿಸುವಾಗ ಬಂತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಾಗ ಪಕ್ಕದಲ್ಲಿದ್ದ ಕಾಫಿ ಲೋಟವನ್ನು ನೋಡಿ ಬಂತು. ಹಾಗಾಗಿ ಎತ್ತಿಕೊಳ್ಳುವುದನ್ನೇ ಬಿಟ್ಟೆ. ತೊಟ್ಟಿಲನ್ನು ಹಗ್ಗ ಹಿಡಿದು ದೂರದಿಂದ ತೂಗಿದೆ. ಮಗು ಅತ್ತರೆ ಮಗಳನ್ನು ಕರೆದೆ. ಅವಳು ಊಟದ ಎಲೆಯಿಂದ ಎದ್ದು, ಎಡಗೈಯಲ್ಲಿ ಮಗುವನ್ನು ಎತ್ತಿಕೊಳ್ಳುವುದನ್ನು ಎರಡು ಮಾರು ದೂರದಲ್ಲಿ ನಿಂತು ನೋಡಿದೆ.

ಆಗ ನಾನು ಚಾರ್ಟು ಹಾಕಿದೆ.

ಈಗ ನೆನೆದರೆ ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟು ಬರುತ್ತದೆ. ಹಳೆಯ ಡೈರಿಯ ಹಾಳೆಯಲ್ಲಿ ಗೆರೆ ಎಳೆದು, ಬೆಳಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ಅರ್ಧ ಗಂಟೆಗೊಂದು ಮನೆ ಮಾಡಿದೆ. ಜ್ವರದ ಚಾರ್ಟಿನ ಹಾಗೆಯೇ. ಯೋಚನೆ ಬಂದರೆ ಕೆಂಪು ಚುಕ್ಕೆ, ಬರದಿದ್ದರೆ ನೀಲಿ. ಜ್ವರವನ್ನು ಹೀಗೆಯೇ ಹಿಡಿಯುವುದು, ಹೀಗೆಯೇ ಇಳಿಸುವುದು. ಯೋಚನೆಗೆ ಮಾತ್ರ ಬೇರೆ ದಾರಿ ಏಕಿರಬೇಕು? ಮೊದಲ ದಿನ ಹನ್ನೊಂದು ಕೆಂಪು. ಮೂರನೆಯ ದಿನ ಹತ್ತೊಂಬತ್ತು. ವಾರ ಕಳೆಯುವುದರೊಳಗೆ ಹಾಳೆಯಲ್ಲಿ ನೀಲಿ ಹುಡುಕಬೇಕಾಯಿತು. ಅರ್ಧ ಗಂಟೆಯಾಯಿತು, ಬಂತೇ ಎಂದು ಒಳಗೆ ಬಗ್ಗಿ ನೋಡುವುದು, ಬಗ್ಗಿ ನೋಡಿದ್ದಕ್ಕೇ ಅದು ಬರುವುದು. ಎಳೆದು ಕರೆದು, ಬಂದದ್ದಕ್ಕೆ ಚುಕ್ಕೆ ಇಟ್ಟು, ಚುಕ್ಕೆ ಹೆಚ್ಚಾಯಿತೆಂದು ಅತ್ತ ಹೆಂಗಸು ನಾನು. ಅಷ್ಟು ಬುದ್ಧಿಯೂ ನನಗೆ ಓಡಲಿಲ್ಲ. ಚಾರ್ಟು ಸರಿಯಾಗಿ ಬರೆಯುತ್ತಿಲ್ಲವೇನೋ ಎಂದು ಅರ್ಧ ಗಂಟೆಯನ್ನು ಕಾಲು ಗಂಟೆ ಮಾಡಿದೆ.

ಯಾರಿಗಾದರೂ ಹೇಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹೇಳಿದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಇಪ್ಪತ್ತೈದು ವರ್ಷಗಳ ಹಿಂದೆ ವಾರ್ಡಿನಲ್ಲಿ ಒಬ್ಬ ಚೊಚ್ಚಲ ಬಾಳಂತಿ, ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದ ಹುಡುಗಿ, ಮದ್ದು ಕೊಡಲು ಹೋದಾಗ ನನ್ನ ಸೆರಗು ಹಿಡಿದಳು. "ಸಿಸ್ಟರೇ, ಮಗಿನ್ ಮೊಕದ್ ಮೇಲ್ ತಲೆದಿಂಬ್ ಇಡ್ತೆನೋ ಅಂದೇಳಿ ಹೆದ್ರಿಕಿ ಆತ್ತ್" ಎಂದಳು. ನಾನು ಎರಡನೆಯ ಮಾತು ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ವರದಿಯಲ್ಲಿ ಬರೆದೆ. ಅವಳ ಅತ್ತೆಯನ್ನು ಕರೆದು, ಇವಳನ್ನು ಮಗುವಿನೊಟ್ಟಿಗೆ ಒಬ್ಬಳೇ ಬಿಡಬೇಡಿ ಎಂದೆ. ನಿಯಮದ ಪ್ರಕಾರ ಸರಿಯಾಗಿ ಮಾಡಿದೆ ಎಂದು ಆ ದಿನ ನನಗೆ ಸಮಾಧಾನವೂ ಇತ್ತು. ಅವಳನ್ನು ತವರಿಗೆ ಕಳಿಸಿದರಂತೆ, ಮಗುವನ್ನು ಇಟ್ಟುಕೊಂಡರಂತೆ. ಆಮೇಲೆ ಏನಾಯಿತೋ ಗೊತ್ತಿಲ್ಲ. ವಿಚಾರಿಸುವುದು ನನ್ನ ಡ್ಯೂಟಿಯಲ್ಲಿ ಇರಲಿಲ್ಲ.

ನನ್ನ ಬಾಯಿ ಹೊಲಿದು ಹಾಕಿದ್ದು ಆ ಹುಡುಗಿ. ಮಗುವನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆ ಎನ್ನುವುದು ಬರೀ ಹೆದರಿಕೆಯಾಗಿರಲಿಲ್ಲ. ಕಿತ್ತುಕೊಂಡ ಕೈ ನನ್ನದೇ ಆಗಿತ್ತು.

ಮಗು ಹುಟ್ಟಿ ಏಳನೆಯ ವಾರ, ಭಾನುವಾರ, ಶಿರೂರಿನಿಂದ ಅಳಿಯನ ತಾಯಿ ಬಂದರು. ಒಂದು ಚೀಲದಲ್ಲಿ ಬಾಳಂತಿಗೆಂದು ಬೆಲ್ಲ, ಶುಂಠಿ, ಬೆಳ್ಳುಳ್ಳಿ. ನನ್ನ ಅಡುಗೆಮನೆಗೆ ಆಗದೆಂದು ಮೀನು ಮಾತ್ರ ತಂದಿರಲಿಲ್ಲ. ಅಷ್ಟು ಸೂಕ್ಷ್ಮದ ಹೆಂಗಸು. ಹಗಲಿಡೀ ಇದ್ದರು. ಅವರ ಕಣ್ಣು ಬಲೆಯ ಕಣ್ಣಿಗಿಂತ ಸಣ್ಣದು, ಏನೂ ನುಸುಳಿ ಹೋಗುವುದಿಲ್ಲ. ನಾನು ತೊಟ್ಟಿಲ ಹಗ್ಗವನ್ನು ದೂರದಿಂದ ಎಳೆಯುವುದನ್ನು ನೋಡಿದರು. ಮಗುವಿನ ಒದ್ದೆ ಬಟ್ಟೆಯನ್ನು ನಾನು ಬದಲಿಸದೆ ಮಗಳನ್ನು ಕರೆದದ್ದನ್ನು ನೋಡಿದರು. ಸಂಜೆ ಚಾ ಕುಡಿದು ಲೋಟ ಕೆಳಗಿಟ್ಟು, ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಲು ಬಂದರು. ನಾನು ಹಿಂದೆ ಸರಿದೆ. ಕೈಯನ್ನೂ ಹಿಂದೆ ತೆಗೆದುಕೊಂಡೆ.

ಅವರು ಮಗುವನ್ನು ಎದೆಗೆ ಅವಚಿಕೊಂಡು ನಿಂತರು.

"ಅಮ್ಮಾ" ಎಂದರು. ಅತ್ತಿಗೆ ಎನ್ನಲಿಲ್ಲ. "ನಮ್ಮ್ ಮಗಿನ್ ಮುಟ್ರೆ ಮತ್ತೆ ಮಡಿ ಮೀಯ್ಕಾತ್ತಾ ನಿಮ್ಗೆ?"

"ಅದೆಂತ ಮಾತ್ ಅತ್ಗೆ?" ಎಂದೆ.

"ಮಾತ್ ಅಲ್ಲ, ಕಂಡದ್ದ್ ಹೇಳ್ತೆ. ಬೆಳಗಾತಿಂದ ಕಾಂತಿದ್ದೆ. ಒಂದ್ ಸಲ ಮುಟ್ಲಿಲ್ಲೆ. ಮೀಸುಕ್ ಬೇರೆ ಜನ, ಎತ್ತುಕ್ ಬೇರೆ ಜನ. ಮದಿ ದಿನ ದೊಡ್ಡ ಮಾತ್ ಆಡಿದ್ರಿ, ಜಾತಿ ಎಂತಕ್ಕೆ, ಅತ್ಗೆ ಅನ್ನಿ ಅಂದೇಳಿ. ಮದಿಗೆ ಆತ್ತ್, ಮಡಿಲಿಗ್ ಆಗ, ಅಲ್ದಾ? ಮಗಿ ಮೈಯಂಗೆ ಇಪ್ಪುದ್ ನಮ್ಮ್ ನೆತ್ರ್ ಅಮ್ಮಾ. ತಿಕ್ಕಿ ತೊಳ್ದ್ರೆ ಹೋಪುದಲ್ಲ."

ಮಗಳು ಬಾಗಿಲ ಹತ್ತಿರ ನಿಂತಿದ್ದಳು. ಅಮ್ಮ ಹಾಗಲ್ಲ ಎಂದು ಅವಳು ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. ಅವಳ ಮುಖ ನೋಡಿದಾಗ ಗೊತ್ತಾಯಿತು, ಅವಳೂ ಎರಡು ವಾರದಿಂದ ಅದನ್ನೇ ಎಣಿಸಿಕೊಂಡಿದ್ದಳು. ಅತ್ತೆಯ ಬಾಯಲ್ಲಿ ಬಂತು, ಅಷ್ಟೇ ವ್ಯತ್ಯಾಸ.

ಆ ಕ್ಷಣ ನಾನು ಲೆಕ್ಕ ಹಾಕಿದೆ. ಜಾತಿಯ ಕಾರಣಕ್ಕೆ ಮೊಮ್ಮಗುವನ್ನು ಮುಟ್ಟದ ಅಜ್ಜಿ ಎಂದರೆ ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ. ಬೈಯುತ್ತಾರೆ, ಆದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ಕುದಿನೀರು ಸುರಿಯುವ ಯೋಚನೆಯ ಅಜ್ಜಿ ಎಂದರೆ? ಜೀವಮಾನವಿಡೀ ಯಾವ ಕೊಳಕಿನ ವಿರುದ್ಧ ನಿಂತೆನೋ ಅದನ್ನೇ ಸೀರೆಯ ಹಾಗೆ ಸುತ್ತಿಕೊಂಡು, ನಾಚಿಕೆ ಮುಚ್ಚಿಕೊಳ್ಳಲು ಸಿದ್ಧಳಾದೆ. ತಲೆ ತಗ್ಗಿಸಿ ಸುಮ್ಮನೆ ಕುಳಿತೆ.

"ಬೇಸ್ತುವಾರ ವ್ಯಾನ್ ತಕಂಡ್ ಬತ್ತೆ. ಸಾಮಾನ್ ಕಟ್ಟಿ ಇಟ್ಕೋ ಹೆಣ್ಣೆ" ಎಂದು ಅವರು ನನ್ನ ಮಗಳಿಗೆ ಹೇಳಿ ಹೊರಟರು. ಮೂರು ತಿಂಗಳ ಬಾಣಂತನ ಏಳು ವಾರಕ್ಕೆ ಮುಗಿಯಿತು.

ಸೋಮವಾರ ಬೆಳಗ್ಗೆ ಅಕ್ಕನ ಫೋನ್ ಬಂತು. ಮೀಯಿಸುವ ಹೆಂಗಸು ಸುದ್ದಿ ಮುಟ್ಟಿಸಿದ್ದಳು.

"ಹೆಣ್ಣೆ, ನೀ ಆ ಮಗಿನ್ ಮುಟ್ಟುದಿಲ್ಲೆ ಅಂಬ್ರಲೆ?"

"ಯಾರ್ ಹೇಳದ್?"

"ಯಾರೋ ಹೇಳದ್. ನಂಗ್ ಸಂತೋಷ ಆಯ್ತ್ ಕಾಣ್. ಮದಿ ಮಾಡ್ಸಿ ತಪ್ಪ್ ಮಾಡ್ದೆ, ಈಗಾರೂ ಬುದ್ಧಿ ಬಂತಲೆ. ಹೋಯ್ಲಿ, ಎಲ್ಲ ದೇವ್ರ್ ಕಾಂತ. ಮುಂದಿನ್ ತಿಂಗ್ಳ್ ಅಣ್ಣನ ಮನೆ ಪೂಜೆಗೆ ನೀನೂ ಬಾ. ಒಳಗೇ ಕೂಕಂಬ್ಲಕ್ಕ್."

ಒಳಗೇ ಕುಳಿತುಕೊಳ್ಳಬಹುದಂತೆ! ನಲವತ್ತಾರು ವರ್ಷಗಳ ಹಿಂದೆ ಆಸ್ಪತ್ರೆಗೆ ಸೇರಿದಂದಿನಿಂದ ಆ ತವರುಮನೆಯಲ್ಲಿ ನನಗೆ ಜಗಲಿಯೇ ಗತಿ. ಒಂದು ಹಸುಗೂಸನ್ನು ಎತ್ತಿಕೊಳ್ಳದೆ ಬಿಟ್ಟದ್ದಕ್ಕೆ ನನಗೆ ಬಡ್ತಿ ಸಿಕ್ಕಿತ್ತು. ನಾನು ಫೋನಿನಲ್ಲಿ ಅಕ್ಕನಿಗೆ ಏನೆಂದೆನೋ ಪೂರ್ತಿ ನೆನಪಿಲ್ಲ. "ನಿನ್ ಪೂಜೆಗ್ ಬೆಂಕಿ ಬೀಳ್ಲಿ" ಎಂದದ್ದು ನೆನಪಿದೆ. ಅಷ್ಟು ದೊಡ್ಡ ದನಿ ನನ್ನ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಒಳಗೆ ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದ ಮಗಳು ಹೊರಗೆ ಬಂದಳು.

ಡ್ಯೂಟಿ ಬದಲಾಗುವಾಗ ದಾದಿಯರು ಒಬ್ಬರಿಗೊಬ್ಬರು ವಾರ್ಡು ಒಪ್ಪಿಸಿ ಹೋಗುತ್ತೇವೆ. ಯಾವ ಹಾಸಿಗೆ, ಏನು ಕಾಯಿಲೆ, ಏನು ಅಪಾಯ, ಎಲ್ಲವನ್ನೂ ಮುಚ್ಚಿಡದೆ, ಅಲಂಕಾರ ಮಾಡದೆ ಹೇಳಬೇಕು. ನನಗೆ ಬೇರೆ ರೀತಿ ಗೊತ್ತಿಲ್ಲ. ಚಾರ್ಟಿನ ಹಾಳೆಗಳನ್ನು ತಂದು ಅವಳ ಕೈಗೆ ಕೊಟ್ಟು, ನಿಂತುಕೊಂಡೇ ಹೇಳಿದೆ. ಹದಿನೇಳನೆಯ ದಿನ ಶುರು. ಹಂಡೆ ನೀರು. ಕೆಂಪು ಚುಕ್ಕೆ ಎಂದರೆ ಮಗುವನ್ನು ಸುಡುವ ಯೋಚನೆ. ಜಾತಿಯಲ್ಲ.

ಅವಳು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಎದ್ದು ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ಚಿಲಕ ಹಾಕಿದ ಸದ್ದು ಕೇಳಿತು.

ಆ ಸದ್ದಿಗೆ ನಾನು ಅರ್ಹಳೇ ಎಂದುಕೊಂಡು ಕುಳಿತೆ. ಮಧ್ಯಾಹ್ನ ಅನ್ನ ಇಳಿಸಿದೆ, ಬಡಿಸಲು ಯಾರೂ ಇರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಅವಳು ಬಾಗಿಲು ತೆರೆದಳು. ಅತ್ತು ಕಣ್ಣು ಬಾತಿತ್ತು. ಬಂದವಳೇ ನನ್ನ ಮೇಲೆ ಹರಿಹಾಯ್ದಳು.

"ಅಷ್ಟ್ ದಿನ ಚುಕ್ಕಿ ಇಡ್ತಾ ಕೂಕಂಡಿದ್ಯಾ? ಚುಕ್ಕಿ? ನಾ ಎಂತ ಎಣ್ಸ್ಕಂಡಿದ್ದೆ ಗೊತ್ತಿತ್ತಾ ನಿಂಗೆ? ನನ್ನ್ ಅಮ್ಮನೂ ದೊಡ್ಡಮ್ಮನ ಹಾಂಗೇ ಆದ್ಲ್ ಅಂದೇಳಿ ದಿನಾ ಮಗಿಗೆ ಹಾಲ್ ಕೊಡ್ತಾ ಕಣ್ಣೀರ್ ಹಾಕಿ ಮರ್ಕಿದ್ದೆ. ನೀ ಹೇಳುಕಾಗ್ದಾ? ಬೇರೆಯವ್ರಿಗೆ ಮೂವತ್ತಾರ್ ವರ್ಷ ಬೈದೆ, ಹೊತ್ತಿಗ್ ಸರಿಯಾಯಿ ಡಾಕ್ಟ್ರಿಗ್ ತೋರ್ಸಿ ಅಂದೇಳಿ!"

"ಹೇಳ್ರೆ ಮಗಿನ್ ತಕಂಡ್ ಹೋತ್ಯಲ್ಲ."

"ಹೇಳ್ದೆ ಇದ್ದದ್ದಕ್ಕೂ ಹೋತಿದ್ನಲ್ಲ!" ಎಂದಳು.

"ನಾಳೆ ಡಾಕ್ಟ್ರ ಹತ್ರ ಹೋಪ. ಅಲ್ಲಿವರೆಗೆ ಮಗಿ ನನ್ನ್ ಹತ್ರವೇ ಇರ್ಲಿ" ಎಂದಳು. ಸರಿ ಎಂದೆ. ಅವಳ ಜಾಗದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಕುಂದಾಪುರಕ್ಕೆ ವಾರದಲ್ಲಿ ಎರಡು ದಿನ ಬರುವ ಮನೋರೋಗದ ಡಾಕ್ಟರು ನನ್ನ ಮಗಳ ವಯಸ್ಸಿನವನು. ಒಂದೂವರೆ ಗಂಟೆ ಕಾಯಿಸಿದ. ಅದಕ್ಕೊಂದು ಸಿಟ್ಟು. ಚಾರ್ಟು ನೋಡಿ, "ತುಂಬ ಚೆನ್ನಾಗಿ ಬರೆದಿದ್ದೀರಿ ಸಿಸ್ಟರ್" ಎಂದು ನಕ್ಕ. ಅದಕ್ಕೊಂದು ಸಿಟ್ಟು. ಆಮೇಲೆ ನಗು ಬಿಟ್ಟು ಒಂದು ಪ್ರಶ್ನೆ ಕೇಳಿದ.

"ಹಾಗೆ ಮಾಡಬೇಕು ಅಂತ ನಿಮಗೆ ಆಸೆ ಆಗುತ್ತಾ? ಅಥವಾ ಎಲ್ಲಿ ಮಾಡಿಬಿಡ್ತೇನೋ ಅಂತ ಹೆದರಿಕೆಯಾ?"

"ಹೆದರಿಕೆ" ಎಂದೆ. "ಆಸೆಯಾಗಿದ್ದರೆ ನಾನು ಬದುಕಿರುತ್ತಿರಲಿಲ್ಲ."

ಇನ್ನೂ ನಾಲ್ಕಾರು ಪ್ರಶ್ನೆ ಕೇಳಿ ತಿಳಿದುಕೊಂಡ. ಧ್ವನಿ ಕೇಳುತ್ತದೆಯೇ, ನಿದ್ದೆ ಹೇಗೆ, ಸಾಯುವ ಯೋಚನೆ ಇದೆಯೇ. ಮಗಳು ತಡೆಯಲಾರದೆ, "ಮಗುವನ್ನು ಇವರ ಹತ್ತಿರ ಬಿಡಬಹುದಾ?" ಎಂದಳು. "ಬಿಡಲೇಬೇಕು" ಎಂದ. ಇದನ್ನು ಗೀಳು ಎನ್ನುತ್ತಾರೆ. ಬೇಡದ ಯೋಚನೆ ಎಲ್ಲರ ತಲೆಯಲ್ಲೂ ಹಾದುಹೋಗುತ್ತದೆ. ಮಗುವನ್ನು ಜೀವಕ್ಕಿಂತ ಹೆಚ್ಚು ಕಾಯುವವರು ಅದನ್ನು ಕಂಡು ಬೆಚ್ಚಿ, ಹಿಡಿದು ನಿಲ್ಲಿಸಲು ಹೋಗುತ್ತಾರೆ. ಹಿಡಿದಷ್ಟೂ ಅದು ನಿಲ್ಲುತ್ತದೆ. ನಾಮ, ರಬ್ಬರ್ ಬ್ಯಾಂಡ್, ಚಾರ್ಟು, ದೂರ ಸರಿಯುವುದು, ಎಲ್ಲ ಅದಕ್ಕೆ ಹಾಕಿದ ಅನ್ನ. ಒಂದು ಮಾತ್ರೆ ಬರೆದುಕೊಟ್ಟು, "ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು. ಅಷ್ಟರವರೆಗೆ ಕಾಯಬೇಡಿ. ಸ್ನಾನ ಮಾಡಿಸಲು ಶುರು ಮಾಡಿ. ಯೋಚನೆ ಬಂದರೆ ಬರಲಿ, ಉತ್ತರ ಕೊಡಬೇಡಿ" ಎಂದ.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಆಸೆಯಾ, ಹೆದರಿಕೆಯಾ? ಒಂದೇ ಪ್ರಶ್ನೆ. ತಲೆದಿಂಬಿನ ಹುಡುಗಿ ಕೇಳುವ ಮೊದಲೇ ಉತ್ತರ ಹೇಳಿದ್ದಳು, ಹೆದರಿಕೆ ಎಂದೇ ಹೇಳಿದ್ದಳು. ಮೂವತ್ತಾರು ವರ್ಷ ಥರ್ಮಾಮೀಟರ್ ಹಿಡಿದು ಓಡಾಡಿದ ನನಗೆ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುವಷ್ಟು ವ್ಯವಧಾನವಿರಲಿಲ್ಲ. ಕಲಿಸಿದವರ ಮೇಲೆ ಸಿಟ್ಟು ಮಾಡಿಕೊಂಡೆ. ಅವರೂ ನನ್ನ ಹಾಗೆ ಕಲಿತವರೇ. ಆ ಸಿಟ್ಟು ಹೋಗಿ ನಿಲ್ಲಲು ಜಾಗವಿಲ್ಲದೆ ಇವತ್ತಿಗೂ ನನ್ನೊಳಗೇ ಇದೆ. ಅದು ಹೋಗಬಾರದು ಕೂಡ.

ಬುಧವಾರ ನಾನು ಮಗುವನ್ನು ಮೀಯಿಸಲಿಲ್ಲ. ಮಗುವನ್ನು ಎತ್ತಿಕೊಂಡು ಹಂಡೆಯ ಪಕ್ಕ ಕುಳಿತೆ, ಮಗಳು ಜೊತೆಗಿದ್ದಳು. ಅಷ್ಟೇ ಆಯಿತು. ನಾಳೆಯಿಂದ ಬರುವುದು ಬೇಡವೆಂದು ಮೀಯಿಸುವ ಹೆಂಗಸಿಗೆ ಹೇಳಿದೆವು.

ಬೇಸ್ತುವಾರ ಹತ್ತು ಗಂಟೆಗೆ ವ್ಯಾನ್ ಬಂತು. ಅಳಿಯನ ತಾಯಿ ಅಂಗಳದಿಂದಲೇ "ಹ್ವಾಯ್, ಹೊರ್ಟ್ರ್ಯಾ?" ಎಂದು ಕರೆದರು. ಮಗಳು ಅವರನ್ನು ಕೂರಿಸಿ ಎಲ್ಲ ಹೇಳಿದಳು. ನಾನೂ ಹೇಳಿದೆ. ಅವರು ನನ್ನ ಮುಖವನ್ನು, ಬುಟ್ಟಿಯ ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ನೋಡಿದರು.

"ಒಳ್ಳೆ ಕಥಿ ಕಟ್ಟಿದ್ರಿ" ಎಂದರು. "ಮೂರ್ ದಿನ ಕೂಕಂಡ್ ಎಣ್ಸಿದ್ರ್ಯಾ? ಮುಟ್ಟುಕಾಗ ಅಂದ್ರೆ ಆಗ ಅಂದ್ ಹೇಳಿ. ಅದ್ಕೆ ನೀರು, ಯೋಚ್ನೆ, ಡಾಕ್ಟ್ರು ಎಂತಕ್ಕೆ? ಸ್ವಂತ ಮಗಿಗೆ ಹಾಂಗ್ ಎಣ್ಸುವವ್ರ್ ಎಲ್ಲಾರೂ ಇದ್ರಾ?"

ಇಷ್ಟು ದಿನ ನಾನು ಯಾವುದಕ್ಕೆ ಹೆದರಿದ್ದೆನೋ ಅದು ನಡೆಯಲೇ ಇಲ್ಲ. ಅವರು ಬೆಚ್ಚಿ ಬೀಳಲಿಲ್ಲ, ಮಗುವನ್ನು ಕಿತ್ತುಕೊಳ್ಳಲಿಲ್ಲ. ನಂಬಲೇ ಇಲ್ಲ! ನಾನು ಹೇಳದೆಯೂ ಜಾತಿಯ ಸುಳ್ಳನ್ನು ನಂಬಿದವರು, ನಾನು ಹೇಳಿದ ಸತ್ಯವನ್ನು ನಂಬಲಿಲ್ಲ. ಅವರ ತಪ್ಪಲ್ಲ. ಒಂದನ್ನು ಅವರು ಹುಟ್ಟಿದಾಗಿನಿಂದ ಕಂಡಿದ್ದಾರೆ, ಇನ್ನೊಂದನ್ನು ಯಾರೂ ಅವರ ಎದುರು ಬಾಯಿ ಬಿಟ್ಟು ಹೇಳಿಲ್ಲ. ಹಾಗೆಂದು ಆಗ ನಾನು ಇಷ್ಟು ನ್ಯಾಯವಾಗಿ ಯೋಚಿಸಲಿಲ್ಲ. ತಲೆಗೆ ರಕ್ತ ಏರಿತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ.

"ಮಗಿನ್ ತಾ" ಎಂದೆ ಮಗಳಿಗೆ.

ಅವಳು ನನ್ನನ್ನು ನೋಡಿದಳು, ಒಂದು ಉಸಿರು ಎಳೆದುಕೊಂಡಳು, ತಂದು ಕೊಟ್ಟಳು.

ಕಾಲು ನೀಡಿ ಮಣೆಯ ಮೇಲೆ ಕುಳಿತೆ. ಮಗಳು ಬಚ್ಚಲ ಬಾಗಿಲಲ್ಲಿ, ಅವಳ ಅತ್ತೆ ಅವಳ ಹಿಂದೆ ಕೈಕಟ್ಟಿ. ಎಣ್ಣೆ ಹಚ್ಚಿದೆ. ಕೈಗೆ ಮರೆತುಹೋಗಿರಲಿಲ್ಲ. ಹಂಡೆಯ ಮುಚ್ಚಳ ಸರಿಸಿ ತಂಬಿಗೆ ಅದ್ದಿದೆ. ಬಂತು. ಹಬೆಯೊಟ್ಟಿಗೇ ಬಂತು, ಸುರಿದುಬಿಡು, ಸುರಿದುಬಿಡು ಎಂದು ಹಿಂದೆಂದಿಗಿಂತ ಜೋರಾಗಿ ಬಂತು. ಎರಡು ಜೊತೆ ಕಣ್ಣುಗಳು ನನ್ನ ಕೈಯ ಮೇಲಿದ್ದವು. ನಾನು ನಾಮ ಹೇಳಲಿಲ್ಲ, ಹಲ್ಲು ಕಚ್ಚಲಿಲ್ಲ. ಅದು ಮಾತಾಡುತ್ತಲೇ ಇತ್ತು, ನಾನು ಕುದಿನೀರನ್ನು ಬೆರೆಸುವ ಪಾತ್ರೆಗೆ ಹಾಕಿದೆ, ತಣ್ಣೀರು ಹಾಕಿದೆ, ಮೊಣಕೈ ಅದ್ದಿದೆ. ಸರಿಯಾಗಿತ್ತು. ಸುರಿದೆ. ಮಗು ಬೆಚ್ಚಗಿನ ನೀರಿಗೆ ಬೆನ್ನು ಸೆಟೆಸಿ, ಆಮೇಲೆ ಸಡಿಲ ಬಿಟ್ಟಿತು.

ಎರಡನೆಯ ತಂಬಿಗೆಗೂ ಬಂತು. ಮೂರನೆಯದಕ್ಕೂ ಬಂತು.

ಐದನೆಯದೋ ಆರನೆಯದೋ ಸುರಿಯುವಾಗ ಹಿಂದಿನಿಂದ, "ಕಿಮಿಗ್ ನೀರ್ ಹೋತ್ತ್, ಕಾಣಿ. ಕೈ ಅಡ್ಡ ಹಿಡೀಕ್" ಎಂದು ದನಿ ಬಂತು.

"ಹಿಡ್ದಿದ್ದೆ, ಕಾಂತಿಲ್ಯಾ?" ಎಂದು ಮಗುವಿನ ಕಿವಿಗೆ ಅಡ್ಡವಿದ್ದ ಕೈ ತೋರಿಸಿದೆ.

"ಹಾಂಗಲ್ಲ, ಹೀಂಗೆ ಹಿಡೀಕ್. ಆಸ್ಪತ್ರಿಯಂಗೆ ಕಲ್ತದ್ದ್ ಇದೇಯಾ? ಬೆನ್ನೂ ಸಮಾ ತಿಕ್ಲಿಲ್ಲೆ."

"ನನ್ನ್ ಬಚ್ಚಲಂಗೆ ನಂಗ್ ಪಾಠ ಬ್ಯಾಡ. ನಿಮ್ಮನೆಗ್ ಬಂದ್ ಮೇಲೆ ನೀವ್ ಮೀಸಿ."

"ಮೀಸ್ದೆ ಬಿಡ್ತ್ನಾ? ಮೂರ್ ತಿಂಗ್ಳ್ ತುಂಬ್ಲಿ, ಕಾಣಿ ಬೇಕಾರೆ" ಎಂದರು.

ಅಂದರೆ ಇನ್ನೂ ಐದು ವಾರ ಮಗು ಇಲ್ಲೇ. ಮಗಳು ಒಣ ಬಟ್ಟೆ ತರಲು ಒಳಗೆ ಹೋದಳು. ಒಲೆಯ ಉರಿ ಕಣ್ಣಿಗೆ ಹೊಡೆಯುತ್ತಿತ್ತು. ನಾನು ಮಗುವನ್ನು ಮಗುಚಿ ಹಾಕಿ, ತಲೆಗೆ ನೀರು ಬೆರೆಸತೊಡಗಿದೆ.